ಒಂದೇ ಹೊದಿಕೆ ಎಲ್ಲ ಕಡೆಗೂ ಒಗ್ಗದು: ಮೌಂಟನ್ ಬೈಕ್ ಫ್ರೇಮಿಗೆ ಮನೆಯಲ್ಲೇ ಮಾಡಿದ ರಕ್ಷಣೆಯ ಪ್ರಕರಣ ಅಧ್ಯಯನ

ಈ ಪ್ರಕರಣದ ಸವಾರರ ಹೆಸರು, ಅವರು ಓಡಾಡುವ ಹಾದಿಗಳು, ಬೈಕಿನ ತಯಾರಕರು ಮತ್ತು ಮಾದರಿ ಇವೆಲ್ಲವನ್ನೂ ಬೇಕೆಂದೇ ಇಲ್ಲಿ ಬಿಟ್ಟಿದ್ದೇನೆ. ಅವುಗಳಿಲ್ಲದೆಯೂ ಪ್ರಕರಣ ಅರ್ಥವಾಗುತ್ತದೆ. ಏಕೆಂದರೆ ಇಲ್ಲಿ ಎದುರಾದ ತೊಂದರೆ ಯಾವುದೋ ಒಂದು ಮಾದರಿಗೆ ಸೇರಿದ್ದಲ್ಲ. ಬೈಕಿನ ಕೆಲಸದಲ್ಲಿ ಅವರಿಗೆ ಕೈಜೋಡಿಸಿದವನಾಗಿ ನಾನು ಕಂಡದ್ದನ್ನು, ಆಯಾ ಹಂತದಲ್ಲಿ ಯಾವ ಕಾರಣಕ್ಕೆ ಯಾವ ತೀರ್ಮಾನವಾಯಿತು ಎಂಬುದನ್ನು ಮುಖ್ಯವಾಗಿಟ್ಟುಕೊಂಡು ದಾಖಲಿಸುತ್ತಿದ್ದೇನೆ.

ಹಿನ್ನೆಲೆ

ಬೈಕು ಸೆಕೆಂಡ್ ಹ್ಯಾಂಡ್ ಆಗಿ ಕೊಂಡದ್ದು. ಎರಡೂ ಚಕ್ರಗಳಿಗೆ ಸಸ್ಪೆನ್ಷನ್ ಇರುವ, ಕೊಳವೆಗಳ ಮುಂದಿನ ತ್ರಿಕೋನ ಕಾರ್ಬನ್ ಫೈಬರಿನದೂ ಹಿಂದಿನ ತ್ರಿಕೋನ ಅಲ್ಯೂಮಿನಿಯಮ್ಮಿನದೂ ಆಗಿರುವ ಫ್ರೇಮ್ ಅದು. ಬಣ್ಣ ಹೊಳಪಿಲ್ಲದ ಮ್ಯಾಟ್ ಬಗೆಯದು. ಹೊಸದಾಗಿದ್ದಾಗ ಚೈನ್ ಸ್ಟೇಗೆ, ಎಂದರೆ ಪೆಡಲುಗಳು ತಿರುಗುವ ಬಾಟಮ್ ಬ್ರಾಕೆಟ್ಟಿನಿಂದ ಹಿಂದಿನ ಚಕ್ರದ ಆಕ್ಸಲಿನವರೆಗೆ ಹೋಗುವ ಕೊಳವೆಗೆ, ಅಚ್ಚಿನಲ್ಲಿ ಎರಕಹೊಯ್ದ ರಬ್ಬರ್ ಕವಚ ಬಂದಿತ್ತು; ಹ್ಯಾಂಡಲ್ ಕಡೆಯಿಂದ ಬಾಟಮ್ ಬ್ರಾಕೆಟ್ಟಿಗೆ ಇಳಿಯುವ ಡೌನ್ ಟ್ಯೂಬಿನ ಕೆಳತುದಿಗೂ ಒಂದು ಪ್ಲಾಸ್ಟಿಕ್ ಕವಚವಿತ್ತು. ಹಿಂದಿನ ಮಾಲೀಕರ ಕಾಲದಲ್ಲೇ ಎರಡೂ ಕಳೆದುಹೋಗಿದ್ದವು. ಮಾದರಿಯ ತಯಾರಿಕೆ ನಿಂತಿದ್ದರಿಂದ ಆ ಕವಚಗಳೂ ಸಿಗಲಿಲ್ಲ, ಆ ಫ್ರೇಮಿನ ಅಳತೆಗೆ ಕತ್ತರಿಸಿದ, ಬಣ್ಣ ಕಾಯುವ ಅಂಟುಫಿಲ್ಮಿನ ಕಿಟ್ಟೂ ಸಿಗಲಿಲ್ಲ.

ಸವಾರರು ಅನುಭವಿ. ಸಡಿಲ ಕಲ್ಲಿನ ಇಳಿಜಾರುಗಳಲ್ಲೂ ಮಳೆಗಾಲದ ಕೆಸರಿನಲ್ಲೂ ಒಂದೇ ಬೈಕನ್ನು ಓಡಿಸುವವರು. ಕೊಂಡಾಗಲೇ ಚೈನ್ ಸ್ಟೇ ಮೇಲೆ ಚೈನು ಬಡಿದ ಗುರುತುಗಳೂ ಡೌನ್ ಟ್ಯೂಬಿನ ಅಡಿಯಲ್ಲಿ ಕಲ್ಲೇಟಿನಿಂದ ಬಣ್ಣ ಹಾರಿದ ಚುಕ್ಕೆಗಳೂ ಇದ್ದವು. ಇದ್ದ ಗಾಯಗಳು ಹೆಚ್ಚಾಗಬಾರದು, ಖರ್ಚು ಕಡಿಮೆ ಇರಬೇಕು, ಮಾಡಿದ್ದನ್ನು ಬೇಡವೆಂದಾಗ ಬಣ್ಣ ಕೀಳದಂತೆ ತೆಗೆಯಲು ಬರಬೇಕು: ಅವರು ಮುಂದಿಟ್ಟ ಬೇಡಿಕೆ ಇಷ್ಟೇ. ಮೂರನೆಯ ಷರತ್ತು ಆಗ ಅಷ್ಟು ಮುಖ್ಯವೆನಿಸಲಿಲ್ಲ, ಆದರೆ ಮುಂದೆ ಹಲವು ತೀರ್ಮಾನಗಳು ಅದರ ಮೇಲೆಯೇ ನಿಂತವು.

ಮೊದಲ ಪ್ರಯತ್ನ

ಮೊದಲು ಕೈಗೆ ಬಂದದ್ದು ಪಂಕ್ಚರಾಗಿ ಮೂಲೆ ಸೇರಿದ್ದ ಹಳೆಯ ಟ್ಯೂಬುಗಳು. ಅವನ್ನು ಉದ್ದಕ್ಕೆ ಸೀಳಿ, ಪಟ್ಟಿ ಮಾಡಿ, ಚೈನ್ ಸ್ಟೇ ಸುತ್ತ ಒಂದರ ಮೇಲೊಂದು ಅಂಚು ಬರುವಂತೆ ಬಿಗಿಯಾಗಿ ಸುತ್ತಿ, ಎರಡೂ ತುದಿಗಳಿಗೆ ಕೇಬಲ್ ಟೈ ಹಾಕಿದರು. ಇದು ಬಹಳ ಹಳೆಯ ಉಪಾಯ, ಕೆಟ್ಟದ್ದೂ ಅಲ್ಲ. ಟ್ಯೂಬಿನ ಬ್ಯೂಟೈಲ್ ರಬ್ಬರ್ ಮೆತ್ತಗಿರುವುದರಿಂದ ಬಡಿತದ ಸದ್ದನ್ನು ನುಂಗುತ್ತದೆ, ಹಿಗ್ಗಿಸಿ ಸುತ್ತಬಹುದು, ಅಂಟು ಬೇಡ. ಚೈನ್ ಸ್ಟೇಯಲ್ಲಿ ಸದ್ದು ಅಡಗಿದ್ದನ್ನು ಕಂಡು ಸವಾರರು ಅದೇ ವಿಧಾನವನ್ನು ಸೀಟಿನ ಕಡೆಯಿಂದ ಹಿಂದಿನ ಆಕ್ಸಲಿಗೆ ಇಳಿಯುವ ಸೀಟ್ ಸ್ಟೇಗಳಿಗೂ ಡೌನ್ ಟ್ಯೂಬಿನ ಕೆಳಗಿನ ಅರ್ಧಕ್ಕೂ ವಿಸ್ತರಿಸಿದರು. ಸೀಟಿಗೂ ಹ್ಯಾಂಡಲಿಗೂ ನಡುವಿನ ಟಾಪ್ ಟ್ಯೂಬಿನ ಮೇಲೆ, ಚೀಲದ ಪಟ್ಟಿ ಉಜ್ಜುವ ಜಾಗಕ್ಕೆ, ಪೆಟ್ಟಿಗೆಗಳಿಗೆ ಅಂಟಿಸುವ ಪಾರದರ್ಶಕ ಟೇಪನ್ನು ಎರಡು ಪದರ ಹಚ್ಚಿದರು.

ಒಂದು ಮಳೆಗಾಲ ಹೀಗೆಯೇ ಕಳೆಯಿತು. ಹೊರಗಿನಿಂದ ನೋಡಿದರೆ ಎಲ್ಲವೂ ಸುಸ್ಥಿತಿಯಲ್ಲಿತ್ತು. ಹಿಂದಿನ ತ್ರಿಕೋನದ ಪಿವಟ್ಟುಗಳ, ಎಂದರೆ ಸಸ್ಪೆನ್ಷನ್ ತಿರುಗುವ ಕೀಲುಗಳ, ಬೇರಿಂಗುಗಳನ್ನು ಬದಲಿಸಲೆಂದು ಬೈಕನ್ನು ಬಿಚ್ಚಿದಾಗ, ದಾರಿಗೆ ಅಡ್ಡವಾಗಿದ್ದ ಕಾರಣಕ್ಕೆ ರಬ್ಬರ್ ಪಟ್ಟಿಗಳನ್ನು ತೆಗೆಯಬೇಕಾಯಿತು. ಒಳಗಡೆ ಕಂಡದ್ದು ಒದ್ದೆಯಾದ, ಬೂದುಬಣ್ಣದ, ನುಣ್ಣನೆಯ ಕೆಸರಿನ ಲೇಪ. ಅದನ್ನು ಒರೆಸಿದ ಮೇಲೆ ಡೌನ್ ಟ್ಯೂಬಿನ ಮ್ಯಾಟ್ ಬಣ್ಣದಲ್ಲಿ ಅಡ್ಡಡ್ಡ ಹೊಳೆಯುವ ಪಟ್ಟೆಗಳು ಕಂಡವು. ಪಟ್ಟಿಯ ಅಂಚುಗಳು ಎಲ್ಲೆಲ್ಲಿ ಕೂತಿದ್ದವೋ ಅಲ್ಲಲ್ಲೇ ಅವು ಮೂಡಿದ್ದವು. ಎರಡು ಕೇಬಲ್ ಟೈಗಳ ಕೆಳಗೆ ಮೇಲುಪದರ ಪೂರ್ತಿ ಸವೆದು ಸಣ್ಣ ತೋಡೇ ಬಿದ್ದಿತ್ತು. ಅಲ್ಯೂಮಿನಿಯಮ್ ಚೈನ್ ಸ್ಟೇಯ ಮೇಲೆ ಮೊದಲೇ ಬಣ್ಣ ಹಾರಿದ್ದ ಕಡೆ ಬಿಳಿ ಪುಡಿ ಕೂತಿತ್ತು, ಸುತ್ತಲಿನ ಬಣ್ಣ ಗುಳ್ಳೆಯೆದ್ದಿತ್ತು. ಟಾಪ್ ಟ್ಯೂಬಿನ ಟೇಪು ಅಂಚುಗಳಲ್ಲಿ ಎದ್ದು, ಹಳದಿಗಟ್ಟಿ, ಕಿತ್ತಾಗ ಜಿಗುಟು ಅಂಟನ್ನು ಅಲ್ಲೇ ಬಿಟ್ಟಿತು.

ಏನಾಗಿತ್ತು ಎಂಬುದನ್ನು ವಿವರಿಸುವುದು ಕಷ್ಟವಲ್ಲ. ಫ್ರೇಮಿನ ಮೇಲಿನ ಪಾರದರ್ಶಕ ಲೇಪ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ತೆಳು. ಮಣ್ಣಿನಲ್ಲಿ ಹೇರಳವಾಗಿರುವ ಕ್ವಾರ್ಟ್ಜ್ ಕಣಗಳ ಗಡಸುತನ ಮೋಸ್ ಮಾಪಕದಲ್ಲಿ 7. ಕಿಟಕಿಯ ಗಾಜಿನದೇ ಸುಮಾರು 5.5 ಆಗಿರುವಾಗ ಬಣ್ಣದ ಲೇಪ ಅದರೆದುರು ನಿಲ್ಲುವ ಪ್ರಶ್ನೆಯೇ ಇಲ್ಲ. ಅಂಟಿಲ್ಲದೆ ಸುತ್ತಿದ ರಬ್ಬರು ಎಷ್ಟೇ ಬಿಗಿಯಾಗಿದ್ದರೂ ಪ್ರತಿ ಅದುರಿಗೆ ಕೂದಲೆಳೆಯಷ್ಟು ಜರುಗುತ್ತದೆ. ನೀರಿನೊಂದಿಗೆ ಸಂದಿಗೆ ಇಳಿದ ಕಣಗಳು ಒಳಗೇ ಸಿಕ್ಕಿಕೊಂಡು, ರಬ್ಬರಿನ ಒಳಮೈ ಸ್ಯಾಂಡ್ ಪೇಪರಿನಂತಾಗುತ್ತದೆ. ಮೇಲಾಗಿ ನೀರು ಆರಲು ದಾರಿಯಿಲ್ಲ. ಬಯಲಿನಲ್ಲಿದ್ದಿದ್ದರೆ ಗಾಳಿಗೆ ಒಣಗಿ ಹೋಗುತ್ತಿದ್ದ ತೇವ, ಹೊದಿಕೆಯಡಿ ವಾರಗಟ್ಟಲೆ ನಿಂತು, ಬಣ್ಣ ಕಳೆದುಕೊಂಡ ಲೋಹವನ್ನು ತಿನ್ನುತ್ತದೆ. ರಕ್ಷಣೆಯಿಲ್ಲದೆ ಬಿಟ್ಟಿದ್ದರೆ ಸೀಟ್ ಸ್ಟೇಗಳಿಗೆ ಇಷ್ಟು ಹಾನಿ ಆಗುತ್ತಿರಲಿಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಗುರುತುಗಳನ್ನು ಓದಿದ್ದು

ಈ ಹಂತದಲ್ಲಿ ಸವಾರರ ಮೊದಲ ಆಲೋಚನೆ ಎಲ್ಲವನ್ನೂ ತೊಳೆದು, ಪಾಲಿಶ್ ಹಾಕಿ, ಟ್ಯೂಬಿನ ಬದಲು ಬೇರಾವುದಾದರೂ ಒಳ್ಳೆಯ ವಸ್ತುವನ್ನು ಇಡೀ ಫ್ರೇಮಿಗೆ ಸುತ್ತುವುದಾಗಿತ್ತು. ಬೇರಿಂಗ್ ಬದಲಿಸುತ್ತಿದ್ದ ಮೆಕ್ಯಾನಿಕ್ ಅದಕ್ಕೆ ತಡೆಹಾಕಿದರು. ಹಳೆಯ ಮಾಲೀಕರ ಕಾಲದ ಗುರುತುಗಳೂ ಹೊದಿಕೆ ಮಾಡಿದ ಗುರುತುಗಳೂ ಒಟ್ಟಿಗೇ ಕಾಣುತ್ತಿರುವುದು ಈಗ ಮಾತ್ರ. ಪಾಲಿಶ್ ಹಾಕುವ ಮುನ್ನ ಫೋಟೊ ತೆಗೆದುಕೊಳ್ಳಿ, ಪ್ರತಿ ಗುರುತಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ ಎಂದು ಅವರು ಹೇಳಿದರು. ಈ ಪ್ರಕರಣದ ತಿರುವು ಯಾವುದು ಎಂದು ಕೇಳಿದರೆ ನಾನು ತೋರಿಸುವುದು ಈ ಮಾತನ್ನೇ. ಅಲ್ಲಿಯವರೆಗೆ ಯಾವ ವಸ್ತು ಒಳ್ಳೆಯದು ಎಂಬ ಚರ್ಚೆ ನಡೆದಿತ್ತು. ಅಲ್ಲಿಂದ ಮುಂದೆ ಯಾವ ಜಾಗಕ್ಕೆ ಏನು ಪೆಟ್ಟು ಬೀಳುತ್ತಿದೆ ಎಂಬ ಚರ್ಚೆ ಶುರುವಾಯಿತು.

ಗೆರೆ ಎಳೆದ ಮೇಲೆ ಕಂಡ ಚಿತ್ರ ಯಾರೂ ಊಹಿಸಿದ್ದಷ್ಟು ವ್ಯಾಪಕವಾಗಿರಲಿಲ್ಲ. ಚೈನು ಬಡಿದ ಗುರುತುಗಳು ಬಲ ಚೈನ್ ಸ್ಟೇಯ ಮೇಲ್ಮೈಯಲ್ಲಿ, ಪೆಡಲ್ ಬಳಿಯ ಹಲ್ಲುಚಕ್ರವಾದ ಚೈನ್ ರಿಂಗಿನ ಹಿಂದಿನ ಒಂದು ಗೇಣಿನೊಳಗೆ ದಟ್ಟವಾಗಿದ್ದವು. ಒಳಮೈಯಲ್ಲಿ, ಟೈರಿನ ಕಡೆಗೆ, ಕೆಲವು ಆಳವಾದ ಕಚ್ಚುಗಳಿದ್ದವು, ಅವು ಚೈನು ಕಳಚಿ ಸಿಕ್ಕಿಕೊಂಡಾಗ ಆದವು. ಕಲ್ಲೇಟುಗಳು ಡೌನ್ ಟ್ಯೂಬಿನ ಕೆಳಗಿನ ಮೂರನೇ ಒಂದು ಭಾಗದಲ್ಲೂ ಬಾಟಮ್ ಬ್ರಾಕೆಟ್ಟಿನ ತಳದಲ್ಲೂ ಗುಂಪಾಗಿದ್ದವು. ಫ್ರೇಮಿನ ಮುಂತುದಿಯ ಹೆಡ್ ಟ್ಯೂಬಿನ ಎರಡೂ ಬದಿಯಲ್ಲಿ, ಬ್ರೇಕ್ ಹೋಸು ಮತ್ತು ಗೇರ್ ಕೇಬಲ್ಲು ಹ್ಯಾಂಡಲ್‌ಬಾರ್ ತಿರುಗಿದಾಗಲೆಲ್ಲ ಉಜ್ಜುವ ಕಡೆ, ಕಮಾನಿನಾಕಾರದ ಸವೆತವಿತ್ತು. ಎರಡೂ ಚೈನ್ ಸ್ಟೇಗಳ ಹೊರಮೈಯಲ್ಲಿ ಶೂ ಹಿಮ್ಮಡಿ ತಾಗುವ ಜಾಗ ನುಣುಪಾಗಿತ್ತು. ಡೌನ್ ಟ್ಯೂಬಿನ ನಡುವೆ ಅಡ್ಡಲಾಗಿದ್ದ ಒಂದು ಪಟ್ಟೆ ಸವಾರಿಯಿಂದ ಆದದ್ದೇ ಅಲ್ಲ. ಬೈಕನ್ನು ವಾಹನದ ಹಿಂದಿನ ಕ್ಯಾರಿಯರಿಗೆ ಬಿಗಿಯುವ ಬೆಲ್ಟಿನ ಕೆಲಸ ಅದು. ಸೀಟನ್ನು ಹೊರುವ ಸೀಟ್ ಟ್ಯೂಬ್ ಮತ್ತು ಸೀಟ್ ಸ್ಟೇಗಳ ಬಹುಭಾಗದಲ್ಲಿ ಹೊದಿಕೆ ತಾನೇ ಮಾಡಿದ ಗುರುತುಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ.

ಹಾಗಾಗಿ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದ ಹಾನಿ ಮೂರು ಬೇರೆ ಬೇರೆ ಬಗೆಯದೆಂದು ಸ್ಪಷ್ಟವಾಯಿತು. ಕೇಬಲ್ಲು, ಶೂ, ಬೆಲ್ಟು ಮಾಡುವುದು ಉಜ್ಜಾಟ. ಅದಕ್ಕೆ ಬೇಕಾದದ್ದು ಮೈಗೆ ಬಿಗಿಯಾಗಿ ಅಂಟಿ, ಅಡಿಗೆ ಕಣಗಳನ್ನು ಬಿಡದ, ತಾನು ಸವೆದು ಬಣ್ಣ ಉಳಿಸುವ ತೆಳು ಪದರ. ಕಲ್ಲು ಮಾಡುವುದು ಒಂದೇ ಬಿಂದುವಿನ ಮೇಲೆ ಬೀಳುವ ಪೆಟ್ಟು. ಅದಕ್ಕೆ ಬೇಕಾದದ್ದು ಪೆಟ್ಟಿನ ಬಲವನ್ನು ಅಗಲಕ್ಕೆ ಹರಡಿ, ಅದು ತಾಗುವ ಕ್ಷಣವನ್ನು ಸ್ವಲ್ಪ ಹಿಗ್ಗಿಸುವ ದಪ್ಪ. ಚೈನಿನದು ಇವೆರಡರ ನಡುವಿನದು: ಹಗುರ, ಆದರೆ ಎಡೆಬಿಡದ ಬಡಿತ, ಜೊತೆಗೆ ಎಣ್ಣೆ ಮತ್ತು ಕೊಳೆ. ಒಂದೇ ವಸ್ತು ಈ ಮೂರನ್ನೂ ನಿಭಾಯಿಸಲಿ ಎಂದು ಬಯಸಿದ್ದರಿಂದಲೇ ಟ್ಯೂಬು ಸೋತಿತ್ತು.

ಮುಚ್ಚುವ ಮೊದಲು ನೋಡಬೇಕಾದದ್ದು

ಡೌನ್ ಟ್ಯೂಬಿನ ಕಲ್ಲೇಟುಗಳಲ್ಲಿ ಒಂದು ಮಾತ್ರ ಉಳಿದವುಗಳಿಗಿಂತ ಆಳವಾಗಿತ್ತು. ಬಣ್ಣದ ಕೆಳಗಿನ ಕಪ್ಪು ಪದರ ಕಾಣುತ್ತಿತ್ತು. ಅಲ್ಲಿ ದಪ್ಪ ರಬ್ಬರ್ ಹಾಕುವುದು ಹೇಗೂ ನಿಶ್ಚಯವಾಗಿದ್ದರಿಂದ, ಮುಚ್ಚಿಬಿಟ್ಟರೆ ಆಯಿತು ಎಂಬ ಸೆಳೆತ ಸಹಜ. ಸವಾರರು ಅದಕ್ಕೆ ಒಪ್ಪಲಿಲ್ಲ, ಆ ನಿರ್ಧಾರ ಸರಿಯಾದದ್ದು. ಕಾರ್ಬನ್ ಫೈಬರ್ ಎಂದರೆ ರೆಸಿನ್ನಿನಲ್ಲಿ ಹಿಡಿದಿಟ್ಟ ಪದರಗಳ ಜೋಡಣೆ. ಜೋರಾದ ಪೆಟ್ಟು ಬಿದ್ದಾಗ ಹೊರಮೈಯಲ್ಲಿ ಚಿಕ್ಕ ಗುರುತಷ್ಟೇ ಉಳಿದು ಒಳಪದರಗಳು ಒಂದರಿಂದೊಂದು ಬಿಟ್ಟುಕೊಂಡಿರಬಹುದು. ಅಲ್ಯೂಮಿನಿಯಮ್ಮಿನಂತೆ ಅದು ತಗ್ಗುಬಿದ್ದು ತನ್ನ ಕತೆ ಹೇಳುವುದಿಲ್ಲ. ಮೊದಲು ನಾಣ್ಯದಿಂದ ಆ ಜಾಗವನ್ನೂ ಸುತ್ತಲಿನ ಜಾಗವನ್ನೂ ಮೆಲ್ಲಗೆ ತಟ್ಟಿ ನೋಡಲಾಯಿತು. ಪದರ ಬಿಟ್ಟಿದ್ದರೆ ಚುರುಕಾದ ಸದ್ದಿನ ಬದಲು ಮಂಕಾದ, ಸತ್ತ ಸದ್ದು ಬರುತ್ತದೆ. ಸದ್ದು ಒಂದೇ ಸಮನಾಗಿತ್ತು. ಆದರೆ ಕೊಳವೆಯ ದಪ್ಪ ಬದಲಾಗುವ ಬಾಟಮ್ ಬ್ರಾಕೆಟ್ಟಿನ ಹತ್ತಿರ ಈ ಪರೀಕ್ಷೆಯನ್ನು ಅಷ್ಟಾಗಿ ನಂಬುವಂತಿಲ್ಲ, ಸದ್ದು ಅಲ್ಲಿ ಹೇಗೂ ಬದಲಾಗುತ್ತದೆ. ಆದ್ದರಿಂದ ಕಾರ್ಬನ್ ದುರಸ್ತಿಯ ಅನುಭವವಿರುವವರೊಬ್ಬರಿಗೆ ಫ್ರೇಮನ್ನು ತೋರಿಸಲಾಯಿತು. ಎಳೆಗಳು ತುಂಡಾಗಿಲ್ಲ, ಹೋಗಿರುವುದು ಬಣ್ಣ ಮತ್ತು ಮೇಲಿನ ರೆಸಿನ್ ಮಾತ್ರ ಎಂದು ಅವರು ಖಚಿತಪಡಿಸಿದ ಮೇಲೆ, ಆ ಗುಳಿಯನ್ನು ಎಪಾಕ್ಸಿಯಿಂದ ತುಂಬಿ ಮುಂದುವರಿಯಲಾಯಿತು. ಚೈನ್ ಸ್ಟೇಯ ಬಿಳಿ ಪುಡಿಯನ್ನು ಉಜ್ಜಿ ತೆಗೆದು, ಬರಿಯ ಲೋಹಕ್ಕೆ ಪ್ರೈಮರ್ ಮತ್ತು ಬಣ್ಣ ಹಚ್ಚಿ, ಪೂರ್ತಿ ಆರಲು ಬಿಟ್ಟರು.

ತೆಳು ಪದರದ ಕೆಲಸ

ಉಜ್ಜಾಟದ ಜಾಗಗಳಿಗೆ ಪಾಲಿಯುರೆಥೇನ್ ಫಿಲ್ಮ್ ಆರಿಸಲಾಯಿತು. ಹೆಲಿಕಾಪ್ಟರ್ ರೆಕ್ಕೆಗಳ ಮುಂದಿನ ಅಂಚನ್ನು ಮರಳು ಮತ್ತು ಧೂಳಿನಿಂದ ಕಾಪಾಡಲು ಬಳಸುವುದರಿಂದ ಇದಕ್ಕೆ ಹೆಲಿಕಾಪ್ಟರ್ ಟೇಪ್ ಎಂಬ ಹೆಸರೂ ಇದೆ. ಕಾರುಗಳ ಬಣ್ಣ ಕಾಯಲು ಹಚ್ಚುವುದೂ ಇದೇ ಜಾತಿಯ ಫಿಲ್ಮ್. ಸವಾರರು ತಂದದ್ದು ಸುಮಾರು 0.2 ಮಿಲಿಮೀಟರ್ ದಪ್ಪದ್ದು. ಪೆಟ್ಟಿಗೆ ಟೇಪಿನಲ್ಲಿರುವ ಪಾಲಿಪ್ರೊಪಿಲೀನ್ ಹಿಗ್ಗುವುದಿಲ್ಲ, ಆದ್ದರಿಂದ ಬಾಗಿದ ಮೈಮೇಲೆ ಸುಕ್ಕಾಗುತ್ತದೆ, ಸುಕ್ಕಿನೊಳಗೆ ನೀರು ಹೋಗುತ್ತದೆ. ಪಾಲಿಯುರೆಥೇನ್ ರಬ್ಬರಿನಂತೆ ಹಿಗ್ಗಿ ಮೈಗೆ ಕೂರುತ್ತದೆ, ಗೀರು ಬಿದ್ದರೂ ಸುಲಭಕ್ಕೆ ಹರಿಯುವುದಿಲ್ಲ. ಇದು ಕಲ್ಲಿನ ದೊಡ್ಡ ಪೆಟ್ಟನ್ನು ತಡೆಯುತ್ತದೆ ಎಂದು ಮಾತ್ರ ಯಾರೂ ಭಾವಿಸಬಾರದು.

ಅಳತೆ ತೆಗೆಯುವ ವಿಧಾನ ಸರಳವಾಗಿತ್ತು. ಫ್ರೇಮಿನ ಮೇಲೆ ಪೇಂಟರುಗಳು ಬಳಸುವ ಮಾಸ್ಕಿಂಗ್ ಟೇಪನ್ನು ಅಂಟಿಸಿ, ಸೀಮೆಸುಣ್ಣದ ಗೆರೆಗಳಿಗಿಂತ ಒಂದು ಬೆರಳು ಹೊರಗೆ ಆಕಾರ ಬರೆದು, ಟೇಪನ್ನು ಹಾಗೆಯೇ ಎಬ್ಬಿಸಿ ಫಿಲ್ಮಿನ ಹಿಂಬದಿಯ ಕಾಗದದ ಮೇಲೆ ಕೂರಿಸಿ ಕತ್ತರಿಸಿದರು. ಎಲ್ಲ ಮೂಲೆಗಳನ್ನೂ ದುಂಡಗೆ ಕತ್ತರಿಸಲಾಯಿತು. ಚೂಪು ಮೂಲೆಯೇ ಮೊದಲು ಏಳುವುದು. ಫ್ರೇಮನ್ನು ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಜಿಡ್ಡು ಹೋಗುವಂತೆ ಒರೆಸಿ, ಕೆಲವೇ ಹನಿ ಸೋಪು ಬೆರೆಸಿದ ನೀರನ್ನು ಮೈಮೇಲೂ ಫಿಲ್ಮಿನ ಅಂಟಿನ ಮೇಲೂ ಸಿಂಪಡಿಸಿದರು. ನೀರಿರುವವರೆಗೆ ಫಿಲ್ಮನ್ನು ಆಚೀಚೆ ಸರಿಸಬಹುದು. ಸರಿಯಾಗಿ ಕೂತ ಮೇಲೆ ನಡುವಿನಿಂದ ಅಂಚಿನ ಕಡೆಗೆ ಪ್ಲಾಸ್ಟಿಕ್ ಕಾರ್ಡಿನಿಂದ ಒತ್ತಿ ನೀರನ್ನು ಹೊರದೂಡಬೇಕು.

ಹೆಡ್ ಟ್ಯೂಬಿಗೆ ಹಚ್ಚಿದ ಮೊದಲ ತುಂಡು ಮರುದಿನದ ಸವಾರಿಯಲ್ಲೇ ಅಂಚು ಬಿಟ್ಟಿತು. ನೋಡಿದರೆ ಎರಡು ಕಾರಣಗಳಿದ್ದವು. ಹೆಡ್ ಟ್ಯೂಬು ಒಂದು ದಿಕ್ಕಿನಲ್ಲಿ ಮಾತ್ರ ಬಾಗಿದ್ದಲ್ಲ. ಕೊಳವೆಯ ಸುತ್ತಳತೆಯಲ್ಲೂ ಬಾಗಿದೆ, ಡೌನ್ ಟ್ಯೂಬ್ ಸೇರುವ ಕಡೆ ಒಳಕ್ಕೂ ಬಾಗಿದೆ. ಅಂಥ ಜಾಗಕ್ಕೆ ಒಂದೇ ದೊಡ್ಡ ತುಂಡನ್ನು ಎಳೆದು ಕೂರಿಸಿದರೆ ಫಿಲ್ಮು ತನ್ನ ಮೂಲ ಆಕಾರಕ್ಕೆ ಮರಳಲು ಸದಾ ಎಳೆಯುತ್ತಲೇ ಇರುತ್ತದೆ. ಎರಡನೆಯದು ಕಾಯದೇ ಹೋದದ್ದು. ಈ ಬಗೆಯ ಫಿಲ್ಮಿನಲ್ಲಿರುವ ಅಕ್ರಿಲಿಕ್ ಅಂಟು ಒತ್ತಿದ ಕೂಡಲೇ ಹಿಡಿದಂತೆ ಕಂಡರೂ ಅದರ ಪೂರ್ತಿ ಹಿಡಿತ ಬರಲು 2–3 ದಿನಗಳೇ ಬೇಕು, ಒಳಗೆ ಸೋಪುನೀರು ಉಳಿದಿದ್ದರೆ ಇನ್ನೂ ತಡ. ಎರಡನೆಯ ಬಾರಿ ಅದೇ ಜಾಗವನ್ನು ಮೂರು ಚಿಕ್ಕ ತುಂಡುಗಳಾಗಿ ವಿಂಗಡಿಸಿ, ಸೋಪು ಇನ್ನಷ್ಟು ಕಡಿಮೆ ಮಾಡಿ, ಅಂಚುಗಳಿಗೆ ಹೇರ್ ಡ್ರೈಯರಿನ ಬಿಸಿ ಕೊಟ್ಟು ಒತ್ತಿ, ಬೈಕನ್ನು ಮುಟ್ಟದೆ ಬಿಟ್ಟರು. ಬಣ್ಣ ಕೀಳಲು ಬಳಸುವ ಹೀಟ್ ಗನ್ ಬಳಸುವ ಸಲಹೆಯೊಂದು ಬಂದಿತ್ತು. ಅದರ ಗಾಳಿ ನೂರಾರು ಡಿಗ್ರಿಯಷ್ಟು ಬಿಸಿಯಿರುವುದರಿಂದ ಕಾರ್ಬನ್ನಿನ ರೆಸಿನ್ನಿಗೆ ಅಪಾಯವೆಂದು ಅದನ್ನು ಕೈಬಿಡಲಾಯಿತು. ಹೇರ್ ಡ್ರೈಯರಿನ ಬಿಸಿಯೇ ಸಾಕು.

ಮ್ಯಾಟ್ ಬಣ್ಣದ ಮೇಲೆ ಹೊಳಪು ಫಿಲ್ಮು ಒದ್ದೆ ಕಲೆಯಂತೆ ಕಾಣುತ್ತದೆ. ಸವಾರರು ಅದನ್ನು ಲೆಕ್ಕಿಸಲಿಲ್ಲ. ಲೆಕ್ಕಿಸುವವರಿಗೆ ಮ್ಯಾಟ್ ಫಿಲ್ಮೂ ಸಿಗುತ್ತದೆ.

ಚೈನ್ ಸ್ಟೇ: ಕವಚಕ್ಕೆ ಮೊದಲು ಕ್ಲಚ್

ಚೈನ್ ಸ್ಟೇಗೆ ಕೈಹಾಕುವ ಮೊದಲು ಮೆಕ್ಯಾನಿಕ್ ಕೇಳಿದ ಪ್ರಶ್ನೆ, ಚೈನು ಇಷ್ಟೊಂದು ಏಕೆ ಬಡಿಯುತ್ತಿದೆ ಎಂಬುದು. ಈಗಿನ ಹಲವು ಮೌಂಟನ್ ಬೈಕುಗಳ ಹಿಂದಿನ ಡಿರೈಲರಿನಲ್ಲಿ, ಎಂದರೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗದಲ್ಲಿ, ಕ್ಲಚ್ ಇರುತ್ತದೆ. ಚೈನನ್ನು ಎಳೆದು ಹಿಡಿಯುವ ಅದರ ಪಂಜರ ಮುಂದಕ್ಕೆ ಸುಲಭವಾಗಿ ತೂಗಾಡದಂತೆ ಘರ್ಷಣೆಯಿಂದ ಹಿಡಿದಿಟ್ಟು, ಚೈನಿನ ಕುಣಿತವನ್ನು ಅದು ಕಡಿಮೆ ಮಾಡುತ್ತದೆ. ಈ ಬೈಕಿನ ಕ್ಲಚ್ ಸಡಿಲವಾಗಿತ್ತು. ಬಿಗಿ ಸರಿಪಡಿಸಲು ಬರುವ ಮಾದರಿಯಾದ್ದರಿಂದ ಅದನ್ನು ಸರಿಪಡಿಸಿ, ಚೈನಿನ ಉದ್ದವನ್ನೂ ಪರಿಶೀಲಿಸಿ, ಏನನ್ನೂ ಸುತ್ತದೆ ಒಮ್ಮೆ ಓಡಿಸಿ ನೋಡಿದಾಗ ಸದ್ದು ಗಮನಾರ್ಹವಾಗಿ ಇಳಿದಿತ್ತು. ಹಿಂದೆ ಟ್ಯೂಬು ಸುತ್ತಿದ್ದರಿಂದ ಸದ್ದು ಅಡಗಿ, ಕ್ಲಚ್ ಸಡಿಲವಾಗಿರುವ ಸಂಗತಿಯೂ ಅದರೊಂದಿಗೆ ಅಡಗಿತ್ತು ಎಂಬುದು ಆಗ ತಿಳಿಯಿತು.

ಉಳಿದ ಬಡಿತಕ್ಕೆ ಮ್ಯಾಸ್ಟಿಕ್ ಟೇಪ್ ಬಂತು. ವಿದ್ಯುತ್ ಕೆಲಸದಲ್ಲಿ ಕೇಬಲ್ ಜೋಡಣೆಗಳಿಗೆ ನೀರು ಹೋಗದಂತೆ ಸುತ್ತುವ, ಒಂದೂವರೆ ಮಿಲಿಮೀಟರಿಗಿಂತ ತುಸು ದಪ್ಪದ, ತನ್ನದೇ ಅಂಟಿರುವ ರಬ್ಬರ್ ಟೇಪು ಇದು. ಚೈನ್ ಸ್ಟೇಯ ಮೇಲ್ಮೈಗೂ ಒಳಮೈಗೂ ಒಂದು ಪದರ ಹಚ್ಚಿ, ಅದರ ಮೇಲೆ ಅದೇ ಟೇಪಿನ ಕಿರಿದಾದ ಪಟ್ಟಿಗಳನ್ನು ನಡುನಡುವೆ ಜಾಗ ಬಿಟ್ಟು ಅಡ್ಡಲಾಗಿ ಇಟ್ಟರು. ಇತ್ತೀಚಿನ ಹಲವು ಬೈಕುಗಳ ಕಾರ್ಖಾನೆ ಕವಚದಲ್ಲೂ ಇಂಥ ದಿಣ್ಣೆಗಳಿರುತ್ತವೆ. ಚೈನು ಸಮತಟ್ಟಾದ ಮೈಗೆ ಉದ್ದಕ್ಕೂ ಒಟ್ಟಿಗೆ ಅಪ್ಪಳಿಸುವ ಬದಲು ಬಿಡಿಬಿಡಿ ದಿಣ್ಣೆಗಳಿಗೆ ತಾಗುತ್ತದೆ, ದಿಣ್ಣೆ ಬಾಗಲು ಪಕ್ಕದಲ್ಲಿ ಜಾಗವಿರುತ್ತದೆ. ಸದ್ದಿನ ಮಟ್ಟಿಗೆ ಇದು ಅಚ್ಚುಕಟ್ಟಾಗಿ ಕೆಲಸ ಮಾಡಿತು.

ತೊಡಕು ಬಿಸಿಲಿನಲ್ಲಿ ಬಂತು. ಮ್ಯಾಸ್ಟಿಕ್ ಮೆತ್ತಗಾಗಿ, ಮೇಲ್ಮೈ ಜಿಗುಟಾಗಿ, ಧೂಳನ್ನೂ ಎಣ್ಣೆಯನ್ನೂ ಹಿಡಿಯತೊಡಗಿತು. ವೆಲ್ಕ್ರೊದ ಮೆತ್ತನೆಯ ಬದಿಯನ್ನು ಮೇಲೆ ಹಚ್ಚುವ ಯೋಚನೆಯನ್ನು, ಅದು ಕೆಸರುನೀರನ್ನು ಹೀರಿ ಹಿಡಿದಿಡುತ್ತದೆ ಎಂಬ ಕಾರಣಕ್ಕೆ ಬಿಟ್ಟರು. ಕೊನೆಗೆ ಮ್ಯಾಸ್ಟಿಕ್ಕಿನ ಮೇಲೆ, ಅದರ ಅಂಟಿಗೇ ಕೂರುವಂತೆ, ಹಳೆಯ ಟ್ಯೂಬಿನಿಂದ ಕತ್ತರಿಸಿದ ಒಂದು ಹಾಳೆಯನ್ನು ಒತ್ತಿದರು. ಮೊದಲ ಪ್ರಯತ್ನದಲ್ಲಿ ಹಾನಿ ಮಾಡಿದ ಅದೇ ಟ್ಯೂಬು ಇಲ್ಲಿ ಸರಿಯಾಗಿ ಒಗ್ಗಿತು. ಏಕೆಂದರೆ ಈಗ ಅದು ಜರುಗುವುದಿಲ್ಲ, ಅದರಡಿ ನೀರಿಗೆ ದಾರಿಯಿಲ್ಲ, ಬಣ್ಣವನ್ನು ಅದು ಮುಟ್ಟುವುದೂ ಇಲ್ಲ. ಸುತ್ತುವ ಬದಲು ಮೇಲ್ಮೈ ಮತ್ತು ಒಳಮೈಗಷ್ಟೇ ಸೀಮಿತಗೊಳಿಸಿದ್ದರಿಂದ ಕೇಬಲ್ ಟೈಗಳ ಅಗತ್ಯವೂ ಬರಲಿಲ್ಲ.

ದಪ್ಪ ಹೆಚ್ಚಿಸುವಾಗ ಸಂದು ನೋಡಿಕೊಳ್ಳಬೇಕು. ಚೈನನ್ನು ಹಿಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕೆ ಹಾಕಿ, ಶಾಕಿನ ಗಾಳಿ ತೆಗೆದು ಸಸ್ಪೆನ್ಷನ್ನನ್ನು ಪೂರ್ತಿ ಕುಗ್ಗಿಸಿ, ಚೈನು ಕವಚಕ್ಕೆ ಉಜ್ಜದಿರುವುದನ್ನೂ ಒಳಬದಿಯಲ್ಲಿ ಟೈರಿಗೆ ಕೆಸರು ದಾಟುವಷ್ಟು ಜಾಗ ಉಳಿದಿರುವುದನ್ನೂ ಖಚಿತಪಡಿಸಿಕೊಂಡರು. ಒಳಬದಿಯ ಒಂದು ಕಡೆ ಜಾಗ ಸಾಲದೆ ಮ್ಯಾಸ್ಟಿಕ್ ತೆಗೆದು ಫಿಲ್ಮನ್ನಷ್ಟೇ ಹಚ್ಚಬೇಕಾಯಿತು.

ಡೌನ್ ಟ್ಯೂಬಿನ ಕವಚ

ಇಲ್ಲಿ ಅಭಿಪ್ರಾಯಭೇದ ಬಂತು. ಗಟ್ಟಿ ಪ್ಲಾಸ್ಟಿಕ್ ಕ್ಯಾನಿನಿಂದ ಅರೆಗೊಳವೆಯಾಕಾರದ ಚಿಪ್ಪು ಕತ್ತರಿಸಿ ಕೇಬಲ್ ಟೈಗಳಿಂದ ಕಟ್ಟುವುದು ಸವಾರರ ಇಷ್ಟ. ಗಟ್ಟಿ ಚಿಪ್ಪು ಪೆಟ್ಟನ್ನು ಅಗಲಕ್ಕೆ ಹರಡುವುದು ನಿಜ, ಅದರಡಿ ಮೆತ್ತನೆಯ ಪದರವೊಂದಿದ್ದರೆ ಇನ್ನೂ ಒಳ್ಳೆಯದು. ಆದರೆ ಕಟ್ಟಿದ ಚಿಪ್ಪು ಎಂದರೆ ಮತ್ತೆ ಅದೇ ಸಂದು, ಅದೇ ಕೆಸರು, ಅದೇ ಜರುಗಾಟ. ತೊಳೆದಾಗಲೆಲ್ಲ ಬಿಚ್ಚಿ ಕಟ್ಟುವ ಶಿಸ್ತು ಇರುವವರಿಗೆ ಅದು ಸರಿ. ತಾವು ಅಂಥವರಲ್ಲ ಎಂದು ಸವಾರರೇ ಹೇಳಿದ್ದರಿಂದ ಆ ದಾರಿ ಮುಚ್ಚಿತು.

ಒಪ್ಪಿತವಾದದ್ದು ಪದರಗಳ ಜೋಡಣೆ. ಬಣ್ಣದ ಮೇಲೆ ಮೊದಲು ಅದೇ ಪಾಲಿಯುರೆಥೇನ್ ಫಿಲ್ಮು. ಅದರ ಮೇಲೆ ತೆಳು ಫೋಮಿನ ಡಬಲ್ ಸೈಡ್ ಟೇಪು. ಅದರ ಮೇಲೆ ಸುಮಾರು 3 ಮಿಲಿಮೀಟರ್ ದಪ್ಪದ ರಬ್ಬರ್ ಹಾಳೆ. ಫಿಲ್ಮಿಗೆ ಇಲ್ಲಿ ಇನ್ನೊಂದು ಕೆಲಸವಿದೆ. ಡಬಲ್ ಸೈಡ್ ಟೇಪಿನ ಬಲವಾದ ಅಂಟು ನೇರವಾಗಿ ಬಣ್ಣಕ್ಕೆ ಹಿಡಿದರೆ ಮುಂದೆ ತೆಗೆಯುವಾಗ ಬಣ್ಣವನ್ನೂ ಕಿತ್ತುಕೊಂಡು ಬರಬಹುದು. ಫಿಲ್ಮಿಗೆ ಹಿಡಿದರೆ ಫಿಲ್ಮನ್ನೇ ಬಿಸಿಮಾಡಿ, ಮೈಗೆ ಒತ್ತಿದಂತೆ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆದು, ಒಟ್ಟಾಗಿ ಎಬ್ಬಿಸಬಹುದು. ಆರಂಭದಲ್ಲಿ ಹೇಳಿದ ಮೂರನೆಯ ಷರತ್ತು ಉಳಿದದ್ದು ಹೀಗೆ. ಮುಂದಿನ ಚಕ್ರಕ್ಕೆ ಎದುರಾಗಿರುವ ಮೇಲಂಚಿಗೆ ಕೆಸರು ನೇರವಾಗಿ ಹೊಡೆಯುವುದರಿಂದ ರಬ್ಬರನ್ನು ಅಲ್ಲಿ ಇಳಿಜಾರಾಗಿ ಕೆತ್ತಿ, ಅಂಚಿನ ಮೇಲೆ ಫಿಲ್ಮಿನ ಒಂದು ಪಟ್ಟಿ ಹೊದಿಸಿದರು. ಬಾಟಮ್ ಬ್ರಾಕೆಟ್ಟಿನ ತಳದಲ್ಲಿರುವ ನೀರು ಇಳಿಯುವ ರಂಧ್ರವನ್ನು ಮುಚ್ಚದೆ ಬಿಟ್ಟರು. ಫ್ರೇಮಿನ ಕ್ರಮಸಂಖ್ಯೆ ಅದೇ ತಳದಲ್ಲಿ ರಬ್ಬರಿನಡಿ ಹೋಗುವುದರಿಂದ ಮೊದಲೇ ಅದರ ಫೋಟೊ ತೆಗೆದಿಟ್ಟರು. ಬೈಕು ಕಳುವಾದರೆ ದೂರು ಕೊಡಲು ಬೇಕಾಗುವುದು ಆ ಸಂಖ್ಯೆಯೇ.

ಬೇಕೆಂದೇ ಬಿಟ್ಟ ಜಾಗಗಳು

ಕೆಲಸ ಇಷ್ಟಕ್ಕೆ ಬಂದಾಗ ಫಿಲ್ಮು ಇನ್ನೂ ಉಳಿದಿತ್ತು. ಉಳಿದದ್ದನ್ನು ಹಿಂದಿನ ತ್ರಿಕೋನಕ್ಕೆಲ್ಲ ಹಚ್ಚಿಬಿಡೋಣ ಎಂದು ಸವಾರರ ಗೆಳೆಯರೊಬ್ಬರು ಒತ್ತಾಯಿಸಿದರು. ಅಲ್ಯೂಮಿನಿಯಮ್ಮಿನ ವೆಲ್ಡ್ ಕೂಡಿದ ಕಡೆಗಳಲ್ಲಿ ಮತ್ತು ಪಿವಟ್ಟುಗಳ ಸುತ್ತ ಏನನ್ನೂ ಹಚ್ಚಬಾರದೆಂದು ಮೆಕ್ಯಾನಿಕ್ ಹಿಡಿದ ಹಟ ನನಗೆ ಸರಿಯೆನಿಸಿತು. ಲೋಹ ದಣಿದು ಬಿರುಕು ಬಿಡುವುದು ಹೆಚ್ಚಾಗಿ ಅಂಥ ಕಡೆಗಳಲ್ಲೇ, ಅದು ಮೊದಲು ಕಾಣುವುದು ಬಣ್ಣದಲ್ಲಿ ಎದ್ದ ಒಂದು ಕೂದಲೆಳೆಯ ಗೆರೆಯಾಗಿ. ತೊಳೆದು ಒರೆಸುವಾಗ ಕಣ್ಣಿಗೆ ಬೀಳಬೇಕಾದ ಗೆರೆಯನ್ನು ದಪ್ಪ ಹೊದಿಕೆ ಪೂರ್ತಿ ಮರೆಮಾಡುತ್ತದೆ. ಗೀರು ತುಂಬಿದ ಹಳೆಯ ಫಿಲ್ಮೂ ಅದನ್ನು ಮಸುಕು ಮಾಡುತ್ತದೆ. ಅಲ್ಲಿ ಬಣ್ಣ ಹೋದರೆ ಹೋಗಲಿ ಎಂಬುದೇ ಆ ಜಾಗಗಳ ಮಟ್ಟಿಗೆ ತೀರ್ಮಾನವಾಯಿತು. ಸೀಟ್ ಟ್ಯೂಬಿಗೂ ಸೀಟ್ ಸ್ಟೇಗಳಿಗೂ ಸವಾರಿಯಿಂದಾದ ಗುರುತುಗಳೇ ಇಲ್ಲದ್ದರಿಂದ ಅವನ್ನೂ ಬಿಟ್ಟರು.

ಫಲಿತಾಂಶ

ಮುಂದಿನ ಮಳೆಗಾಲ ಮುಗಿದ ಮೇಲೆ ಬೈಕನ್ನು ಮತ್ತೆ ಬಿಚ್ಚಿ ನೋಡಲಾಯಿತು. ಹೆಡ್ ಟ್ಯೂಬಿನ ಫಿಲ್ಮಿನ ಮೇಲೆ ಕೇಬಲ್ಲು ಕಮಾನಿನಾಕಾರದ ಗೀರುಗಳನ್ನು ಆಳವಾಗಿ ಕೊರೆದಿತ್ತು. ಒಂದು ತುಂಡನ್ನು ಎಬ್ಬಿಸಿದಾಗ ಕೆಳಗಿನ ಬಣ್ಣದಲ್ಲಿ ಹೊಸ ಸವೆತ ಇರಲಿಲ್ಲ. ಚೈನ್ ಸ್ಟೇಯ ಟ್ಯೂಬು ಹಾಳೆಯಲ್ಲಿ ಹಲ್ಲಿನ ಗುರುತುಗಳಂಥ ಕಚ್ಚುಗಳಿದ್ದವು, ಮ್ಯಾಸ್ಟಿಕ್ ಗಟ್ಟಿಯಾಗಿ ಹಿಡಿದಿತ್ತು. ಡೌನ್ ಟ್ಯೂಬಿನ ರಬ್ಬರಿನಲ್ಲಿ ಕಲ್ಲಿನ ಚೂಪು ಅಂಚಿನಿಂದ ಸೀಳಿದ ಒಂದು ಗಾಯವಿತ್ತು, ಅದು ಅಡಿಯ ಫೋಮಿನವರೆಗೆ ಮುಟ್ಟಿರಲಿಲ್ಲ. ಹೊಸ ಬಣ್ಣ ಹಚ್ಚಿದ್ದ ಅಲ್ಯೂಮಿನಿಯಮ್ಮಿನಲ್ಲಿ ಗುಳ್ಳೆ ಎದ್ದಿರಲಿಲ್ಲ.

ಸೋತದ್ದು ಒಂದೇ ಕಡೆ. ಹಿಮ್ಮಡಿ ತಾಗುವ ಜಾಗದ ಫಿಲ್ಮು ಮುಂದಿನ ಅಂಚಿನಿಂದ ಸುರುಳಿಯಾಗಿ ಎದ್ದು, ಅದರ ಅಂಟಿಗೆ ಮಣ್ಣು ಹಿಡಿದಿತ್ತು. ಗುರುತಿಗಿಂತ ಒಂದು ಬೆರಳಷ್ಟೇ ಹೊರಗೆ ಕತ್ತರಿಸಿದ್ದು ಇಲ್ಲಿ ಸಾಲಲಿಲ್ಲ: ಪೆಡಲ್ ತುಳಿಯುವಾಗ ಶೂ ಅಂಚು ಪ್ರತಿ ಸುತ್ತಿನಲ್ಲೂ ಫಿಲ್ಮಿನ ಅಂಚನ್ನೇ ತಳ್ಳುತ್ತಿತ್ತು. ಹೊಸ ತುಂಡನ್ನು ಶೂ ಚಲಿಸುವ ವ್ಯಾಪ್ತಿಯಿಂದ ಸಾಕಷ್ಟು ಹೊರಗೆ, ಚೈನ್ ಸ್ಟೇಯ ತಳಕ್ಕೆ ಮಡಚಿಕೊಳ್ಳುವಷ್ಟು ಉದ್ದ ಮಾಡಿ ಹಚ್ಚಿದ ಮೇಲೆ ಅದು ನಿಂತಿದೆ. ಡೌನ್ ಟ್ಯೂಬಿನ ಬೆಲ್ಟು ಪಟ್ಟೆಗೆ ಯಾವ ಹೊದಿಕೆಯೂ ಬೇಕಾಗಲಿಲ್ಲ. ಬೈಕನ್ನು ಕ್ಯಾರಿಯರಿಗೆ ಬಿಗಿಯುವಾಗ ಬೆಲ್ಟನ್ನು ಚಕ್ರಕ್ಕೆ ಹಾಕುವ ಅಭ್ಯಾಸ ಮಾಡಿಕೊಂಡರು, ಅಷ್ಟೇ.

ಡೌನ್ ಟ್ಯೂಬಿನ ದಪ್ಪ ರಬ್ಬರಿನ ವಿಷಯದಲ್ಲಿ ಒಂದು ಅಸಮಾಧಾನ ಈಗಲೂ ಉಳಿದಿದೆ. ಅದು ಕಲ್ಲೇಟನ್ನು ತಡೆಯುತ್ತದೆ, ಆದರೆ ತಡೆಯಲಾಗದಷ್ಟು ದೊಡ್ಡ ಪೆಟ್ಟು ಬಿದ್ದರೆ ಅದರ ಗುರುತನ್ನೂ ಬಚ್ಚಿಡುತ್ತದೆ. ಸವಾರರು ಇದಕ್ಕೆ ಕಂಡುಕೊಂಡ ದಾರಿ, ಜೋರಾಗಿ ಕಲ್ಲು ತಾಗಿದ ಅರಿವಾದ ಪ್ರತಿ ಸಲವೂ ರಬ್ಬರನ್ನು ಎಬ್ಬಿಸಿ ಫಿಲ್ಮಿನ ಮೂಲಕ ಅಡಿಯನ್ನು ನೋಡುವುದು ಮತ್ತು ಹೊಸ ಡಬಲ್ ಸೈಡ್ ಟೇಪಿನಿಂದ ಮತ್ತೆ ಕೂರಿಸುವುದು. ಫಿಲ್ಮು ಪಾರದರ್ಶಕವಾಗಿರುವುದರಿಂದ, ರಬ್ಬರನ್ನು ಪ್ರತ್ಯೇಕವಾಗಿ ತೆಗೆಯಲು ಬರುವುದರಿಂದ, ಇದು ಸಾಧ್ಯವಾಗಿದೆ. ಮ್ಯಾಸ್ಟಿಕ್ಕನ್ನೇ ಅಲ್ಲೂ ಹಚ್ಚಿದ್ದರೆ ಹೀಗೆ ಮಾಡಲಾಗುತ್ತಿರಲಿಲ್ಲ.

ಈ ಬೈಕಿನಲ್ಲಿ ಹಳೆಯ ಗಾಯಗಳೇ ನಕ್ಷೆಯಾದವು. ಹೊಸ ಫ್ರೇಮಿರುವವರಿಗೆ ಆ ಅನುಕೂಲವಿಲ್ಲ. ಅದೇ ಸವಾರರು ಆಮೇಲೆ ಗೆಳೆಯರೊಬ್ಬರ ಹೊಸ ಬೈಕಿಗೆ ಬಳಸಿದ ವಿಧಾನ ಹೀಗಿದೆ. ಅನುಮಾನವಿರುವ ಜಾಗಗಳಿಗೆಲ್ಲ ಬರಿಯ ಮಾಸ್ಕಿಂಗ್ ಟೇಪು ಹಚ್ಚಿ, ಒಣ ಹವೆಯಲ್ಲಿ ಎಂದಿನ ಹಾದಿಗಳಲ್ಲೇ ಕೆಲವು ಸವಾರಿ ಮುಗಿಸಿ, ಟೇಪು ಎಲ್ಲಿ ಹರಿದಿದೆ, ಎಲ್ಲಿ ಉಜ್ಜಿ ತೆಳುವಾಗಿದೆ, ಎಲ್ಲಿ ತೂತು ಬಿದ್ದಿದೆ ಎಂದು ನೋಡಿದರು. ಹರಿದ ಕಡೆ ಮತ್ತು ಉಜ್ಜಿದ ಕಡೆ ಫಿಲ್ಮು, ತೂತು ಬಿದ್ದ ಕಡೆ ರಬ್ಬರು. ಟೇಪು ಹಾಗೆಯೇ ಉಳಿದ ಕಡೆ, ಅದನ್ನೂ ಕಿತ್ತು, ಫ್ರೇಮನ್ನು ಇದ್ದಂತೆಯೇ ಬಿಟ್ಟರು.